ಸೊನ್ನೆಯಾಗದ ಶೇಷ

ಕೆಲಸ ಬಿಟ್ಟು ಬಂದಿರುವ ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿರುವ ಚಿಕ್ಕನಂಜಮ್ಮನವರೇ, ಅವರ ಭಾವ ಪುಟ್ಟಮಾದಯ್ಯನವರೇ — ನಮ್ಮನ್ನು ಅಗಲಿದ ನಿಮ್ಮ ಯಜಮಾನ, ನಿಮ್ಮ ತಮ್ಮ ಮಹದೇವಸ್ವಾಮಿಯನ್ನು ನಾನು ‘ಅವನು’ ಎಂದೇ ಕರೆಯುತ್ತೇನೆ. ಸಭೆಗಾಗಿ ಇವತ್ತು ‘ಅವರು’ ಮಾಡಿಕೊಳ್ಳಲಾರೆ. ಕ್ಷಮಿಸಬೇಕು.

ನಾವಿಬ್ಬರೂ ಇದೇ ಮಳವಳ್ಳಿ ಕಾಲೇಜಿನಲ್ಲಿ ಗಣಿತ ಪಾಠ ಮಾಡಿದವರು. ನಾನು ಸಂಬಳಕ್ಕೆ. ಅವನು — ಬೇರೆ ಯಾವುದಕ್ಕೋ. ಅವನಿಗೊಂದು ಅವಿಭಾಜ್ಯ ಸಂಖ್ಯೆ ಬೇಕಿತ್ತು. ಒಂದು ಮತ್ತು ತಾನು, ಇವೆರಡನ್ನು ಬಿಟ್ಟು ಯಾವುದರಿಂದಲೂ ಭಾಗವಾಗದ್ದು. ಏಳು, ಹನ್ನೊಂದು — ಅಂಥವಲ್ಲ. ಬರೆಯಲು ಕೂತರೆ ಸಾವಿರಾರು ಹಾಳೆ ಹಿಡಿಯುವಂಥದ್ದು. ಎರಡನ್ನು ಎರಡರಿಂದ ಗುಣಿಸುತ್ತ, ಗುಣಿಸುತ್ತ ಹೋಗಿ, ಕೊನೆಗೆ ಒಂದು ಕಳೆದರೆ ಬರುವಂಥದ್ದು.

ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ವಡೆ ಮುರಿಯುತ್ತ ಒಮ್ಮೆ ರೇಗಿಸಿದ್ದೆ: “ಏನ್ಲಾ ಸ್ವಾಮಿ, ಸಿಕ್ತೇನ್ಲಾ ನಿನ್ ನಂಬರು?”

“ಸಿಕ್ಕಕ್ಕೆ ಅದೇನ್ ಕಳ್ದೋಗಿತ್ತಾ? ಅದು ಅಲ್ಲೇ ಐತೆ ಕಣ್ಲಾ. ನಾವಿನ್ನೂ ಓಗಿಲ್ಲ, ಅಷ್ಟೆ.”

ಕಿರುಗಾವಲಿನ ಮನೆಯಲ್ಲಿ ಅವನ ಕಂಪ್ಯೂಟರು ಅಂಥದೊಂದು ಸಂಖ್ಯೆಯನ್ನು ಪರೀಕ್ಷಿಸುತ್ತಿತ್ತು. ವರ್ಗ ಮಾಡುವುದು, ಎರಡು ಕಳೆಯುವುದು, ಭಾಗಿಸಿ ಶೇಷ ಉಳಿಸಿಕೊಳ್ಳುವುದು — ಮತ್ತೆ ಅದೇ, ಮತ್ತೆ ಅದೇ. ಮಾಮೂಲಿ ಭಾಗಾಕಾರದ ಹಾಗಲ್ಲ, ಈ ಪರೀಕ್ಷೆಯಲ್ಲಿ ಕೊನೆಯ ಶೇಷ ಸೊನ್ನೆಯಾದರೇ ಅವಿಭಾಜ್ಯ. ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಅವನು ಅದರ ಮುಂದೆ, ಕುರ್ಚಿಯಲ್ಲಿ ಕೂತಂತೆಯೇ ಹೋದ. ಅದು — ನಿಲ್ಲಲಿಲ್ಲ.

ತಿಥಿಯ ದಿನ ಅಣ್ಣ ಪುಟ್ಟಮಾದಯ್ಯ ಅಂದರು — ಹೇಳಿದರೆ ತಪ್ಪು ತಿಳಿಯಬೇಡಿ ಅಣ್ಣ — “ಸತ್ತೋನ ಕೆಲ್ಸ ಮನೇಲಿ ನಡೀಬಾರ್ದು. ಆರ್ಸ್‌ಬುಡಮ್ಮ.”

ಚಿಕ್ಕನಂಜಮ್ಮನವರು ಸ್ವಿಚ್ಚಿಗೆ ಅಡ್ಡ ನಿಂತರು. “ಗ್ವಾಡೆ ಆಚೆ ಆ ಸದ್ದು ಇದ್ರೇನೆ ನಂಗೆ ನಿದ್ದೆ ಬರಾದು ಭಾವ. ಮುಟ್‌ಬ್ಯಾಡಿ.”

ಮೊನ್ನೆ ಪರೀಕ್ಷೆ ಮುಗಿಯಿತು. ಚಿಕ್ಕನಂಜಮ್ಮನವರು ನನ್ನನ್ನು ಕರೆಸಿದರು. ನೋಡಿದೆ. ಸೊನ್ನೆ ಬಂದಿರಲಿಲ್ಲ.

“ಅಂಗಂದ್ರೆ?”

“ಯಾವುದೋ ಸಂಖ್ಯೆ ಅದನ್ನ ಭಾಗ ಮಾಡುತ್ತೆ, ತಾಯಿ.”

“ಯಾವ್ದು?”

“ಗೊತ್ತಿಲ್ಲ. ಭಾಗ ಆಗುತ್ತೆ ಅನ್ನೋದು ಖಚಿತ. ಯಾವುದರಿಂದ ಅಂತ ಈ ಪರೀಕ್ಷೆ ಹೇಳಲ್ಲ.”

“ಡಾಕ್ಟ್ರೂ ಇಂಗೇ ಅಂದ್ರು ಸಾ. ಜೀವ ಇಲ್ಲ, ಯಾಕೋದ್ರು ಅಂತ ಗೊತ್ತಾಯ್ತಿಲ್ಲ ಅಂತ.”

ಇಷ್ಟು ವರ್ಷ ಪಾಠ ಮಾಡಿದ ನಾನು, ಮಹನೀಯರೇ — ಪರದೆಯನ್ನು ಇನ್ನೊಮ್ಮೆ ಓದಿದೆ.

“ಇನ್ನೊಂದ್ ಐತಾ?” ಎಂದರು.

“ಇದೆ. ಪರೀಕ್ಷೆ ಮಾಡಬೇಕಾದವು ಮುಗಿಯೋದೇ ಇಲ್ಲ.”

“ಆಕ್‌ಬುಡಿ.”

ಹಾಕಿದೆ. ಪರದೆಯ ಮೂಲೆಯಲ್ಲಿ ಇನ್ನೂ ಅವನ ಹೆಸರೇ ಇತ್ತು. ಬದಲಿಸಲೇ ಎಂದು ಕೇಳಿದೆ.

“ಯಾಕೆ? ಅವ್ರೇ ಮಾಡ್ತಾವ್ರಲ್ಲ.”

ಅವರು ಕುರ್ಚಿಯ ಕಡೆ ನೋಡುತ್ತಿದ್ದರು. ನಾನು — ನೋಡಲಿಲ್ಲ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಬೇಕು. ಚಿಕ್ಕನಂಜಮ್ಮನವರದೊಂದು ಕೋರಿಕೆ ಇದೆ. ಅವನ ಆತ್ಮಕ್ಕೆ ಶಾಂತಿ ಸಿಗಲಿ ಎಂದು ಯಾರೂ ಬೇಡಿಕೊಳ್ಳಬಾರದಂತೆ — ಕೆಲಸ ಬಾಕಿಯಿದೆಯಂತೆ. ಏನನ್ನೂ ಕೇಳದೆ, ಸುಮ್ಮನೆ ನಿಲ್ಲೋಣ.