ಮುಟ್ಟದೆ ಬಿಟ್ಟ ಧ್ವನಿ

ಬಾವಿ ಬೀದಿಯಲ್ಲಿ ರಾತ್ರಿ ಹತ್ತೂವರೆ ಅಂದರೆ ನಾಯಿಗಳೂ ಮಲಗಿರುತ್ತವೆ. ಅಂಥ ಹೊತ್ತಿನಲ್ಲಿ ನಮ್ಮ ದೊಡ್ಡಪ್ಪನ ಕಿರಿಮಗ ಹೆಗಲ ಮೇಲೆ ಒಂದು ಕಂಪ್ಯೂಟರ್ ಡಬ್ಬಿ ಹೊತ್ತುಕೊಂಡು ಬರುತ್ತಿದ್ದ. ನಗಬೇಡಿ. ಕದ್ದುಕೊಂಡು ಬರುತ್ತಿರಲಿಲ್ಲ, ಅವನ ಸ್ವಂತ ಅತ್ತಿಗೆಯ ಮನೆಯ ಡಬ್ಬಿ ಅದು. ಯಾರೋ ಹೇಳಿದ್ದನ್ನು ಇನ್ಯಾರೋ ಹೇಳಿದ ಮಾತಲ್ಲ ಇದು... ಅವನೇ ನನ್ನೆದುರು ಕೂತು, ಕೈಯಲ್ಲಿದ್ದ ಚಹಾ ಆರಿ ತಣ್ಣಗಾಗುವವರೆಗೆ ಹೇಳಿದ್ದು.

ಅವನು ಟೇಲರ್. ನಾವೆಲ್ಲ ಟೇಲರಣ್ಣ ಅಂತಲೇ ಕರೆಯುವುದು. ಕಾಲರ್ ಕೂರಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ, ಸಿಟ್ಟು ಮಾಡಿಕೊಳ್ಳುವುದರಲ್ಲೂ ಇಲ್ಲ. ಅವತ್ತಂತೂ ತಲೆ ಕೆಟ್ಟು ಕೆರ ಹಿಡಿದಿತ್ತು. ಬಲ ಹೆಗಲ ಮೇಲೆ ಡಬ್ಬಿ, ಎಡಗೈಯಲ್ಲಿ ಕೀಬೋರ್ಡು, ಮೌಸು, ವೈರು ತುಂಬಿದ ಚೀಲ. ಬಾಯಲ್ಲಿ ಬೈಗುಳ.

ಬೀದಿಯ ನಡುವೆ ಹಳೇ ಬಾವಿ ಇದೆಯಲ್ಲ, ಕಬ್ಬಿಣದ ಜಾಲರಿ ಮುಚ್ಚಿರುವುದು... ಅದರ ಕಟ್ಟೆ ಮೇಲೆ ಡಬ್ಬಿ ಇಳಿಸಿ ಉಸಿರು ಬಿಟ್ಟ. ಕೆಳಗೆ ಎಲ್ಲೋ ತೊಟ್... ತೊಟ್... ಅಂತ ನೀರು. ಬೇರೆ ಸದ್ದಿಲ್ಲ. ಒಂದು ನಿಮಿಷ ಸುಧಾರಿಸಿಕೊಂಡು ಡಬ್ಬಿಯನ್ನು ಮತ್ತೆ ಎತ್ತಿ ಹೆಗಲಿಗೆ ಸರಿಮಾಡಿಕೊಳ್ಳುತ್ತಿದ್ದ. ಆಗ ಎಡಗಿವಿಯ ಪಕ್ಕದಲ್ಲೇ, ಪಿಸುದನಿಯಲ್ಲಿ...

"ಹುಷಾರು... ಬೀಳಿಸ್ಬೇಡ."

"ಗೊತ್ತು ಬಿಡೋ, ಬೀಳಿಸಲ್ಲ!" ಅಂತ ಸಿಡುಕಿದ ಟೇಲರಣ್ಣ.

ನಾಲ್ಕು ಹೆಜ್ಜೆ ನಡೆದ. ಐದನೆಯದು ಏಳಲಿಲ್ಲ.

ಯಾಕಂದರೆ ಆ ಮಾತು ಅವನ ಅಣ್ಣನದು. ಅವನನ್ನು ಹಾಗೆ ಬಾಯಿತುಂಬ 'ಹೋಗೋ ಬಾರೋ' ಅಂದು ಬೈಯುವ ಸಲುಗೆ ಇವನಿಗೊಬ್ಬನಿಗೇ ಇದ್ದದ್ದು, ಎರಡೇ ವರ್ಷ ದೊಡ್ಡವನು ನೋಡಿ. ಆ ಅಣ್ಣ ಸತ್ತು ಆಗಲೇ ಹನ್ನೊಂದು ವರ್ಷವಾಗಿತ್ತು.

ಅಣ್ಣನ ಕಸುಬು ವಿಡಿಯೊ ತೆಗೆಯುವುದು. ಕ್ಯಾಮೆರಾ ಹೆಗಲಿಗೇರಿಸಿ ಮದುವೆ, ಮುಂಜಿ, ಶಾಲೆಯ ನಾಟಕ, ಎಲ್ಲಕ್ಕೂ ಓಡುತ್ತಿದ್ದ. ಟೇಲರಣ್ಣ ಬಿಡುವಿದ್ದಾಗ ಲೈಟು ಹಿಡಿಯಲು ಹೋಗುತ್ತಿದ್ದ. ಕ್ಯಾಮೆರಾ ಚೀಲ ಇವನ ಕೈಗೆ ಕೊಡುವಾಗಲೆಲ್ಲ ಅದೇ ಮಾತು. ಹುಷಾರು, ಬೀಳಿಸ್ಬೇಡ. ಒಂದು ಸಲವೂ ಬೀಳಿಸದವನಿಗೆ ದಿನಾ ಹಾಗಂದರೆ ಯಾರಿಗೆ ರೇಗುವುದಿಲ್ಲ ಹೇಳಿ? ಆಮೇಲೆ ಒಂದು ದಿನ ಜ್ವರ ಅಂತ ಮಲಗಿದ ಅಣ್ಣ ಏಳಲೇ ಇಲ್ಲ. ಅವನ ಮಗಳು ಪುಟ್ಟಿಗೆ ಆಗ ಎರಡೂವರೆ ವರ್ಷ.

ವಿಡಿಯೊದವನ ಪಾಡು ನೋಡಿ. ಊರವರ ಮುಖವೆಲ್ಲ ಅವನ ಕ್ಯಾಮೆರಾದಲ್ಲಿ, ಅವನ ಮುಖ ಯಾರ ಕ್ಯಾಮೆರಾದಲ್ಲೂ ಇಲ್ಲ. ಉಳಿದದ್ದು ಎರಡು ಫೋಟೊ, ಮತ್ತೆ ಮನೆಯಲ್ಲಿ ತೆಗೆದ ಒಂದೇ ಒಂದು ವಿಡಿಯೊ. ಹದಿಮೂರು ತಿಂಗಳ ಪುಟ್ಟಿ ಮೊದಲ ಸಲ ನಡೆದದ್ದು. ಅದರಲ್ಲೂ ಅವನು ಕಾಣುವುದಿಲ್ಲ. ಕ್ಯಾಮೆರಾ ಹಿಂದೆ ನಿಂತು "ಬಾ ಪುಟ್ಟಿ... ಬಾ... ಇನ್ನೊಂದು ಹೆಜ್ಜೆ..." ಅಂತ ಕರೆಯುತ್ತಿರುತ್ತಾನೆ, ಅಷ್ಟೇ. ಅಣ್ಣ ಅಂತ ಉಳಿದಿದ್ದೇ ಆ ದನಿ.

ಅತ್ತಿಗೆ ಅಷ್ಟು ವರ್ಷ ಆ ವಿಡಿಯೊ ಇದ್ದ ಅಣ್ಣನ ಕಂಪ್ಯೂಟರಿಗೆ ಬಟ್ಟೆ ಹೊದಿಸಿ ಇಟ್ಟಿದ್ದರು. ಮುಟ್ಟಲು ಮನಸ್ಸಾಗಿರಲಿಲ್ಲ. ಹೋದ ತಿಂಗಳು ಪುಟ್ಟಿ ಊಟ ಮಾಡುತ್ತಾ ಕೇಳಿದಳಂತೆ, "ಅಮ್ಮಾ, ಅಪ್ಪ ಹೇಗೆ ಮಾತಾಡ್ತಿದ್ರು?" ಹೇಳಲು ಬಾಯಿ ತೆರೆದ ಅತ್ತಿಗೆಗೆ ದನಿ ನೆನಪಿಗೆ ಬರಲಿಲ್ಲ. ಮಾರನೆಯ ದಿನವೇ ಇವನ ಅಂಗಡಿಗೆ ಬಂದರು.

"ಮುಖ ಫೋಟೊದಲ್ಲಿದೆ ಕಣೋ. ಧ್ವನಿ ನಂಗೇ ಮರ್ತುಹೋಗ್ತಿದೆ. ಆ ವಿಡಿಯೊನ ನನ್ನ ಫೋನಿಗೆ ಹಾಕ್ಕೊಡು. ದಿನಾ ಕೇಳ್ತೀನಿ."

"ಅಷ್ಟೇನಾ ಅತ್ತಿಗೆ? ಅರ್ಧ ಗಂಟೆ ಕೆಲ್ಸ" ಅಂದ ಈ ಮಹಾಶಯ.

ಆ ಅರ್ಧ ಗಂಟೆ ಎಂಟು ದಿನವಾಯಿತು.

ಮೊದಲಿಗೆ ಕಂಪ್ಯೂಟರಿನಲ್ಲೇ ಹಾಕಿ ನೋಡಿದರೆ "ಬಾ ಪು... ಪು... ಪು..." ಅಂತ ತೊದಲಿ ನಿಂತುಬಿಡುತ್ತಿತ್ತು. ಒಳಗಿಂದ ಟಕ್... ಕರ್ರ್... ಟಕ್... ಅಂತ ಸದ್ದು. ಮೊಬೈಲ್ ರಿಪೇರಿಯವನನ್ನು ಕರೆಸಿ ಕೇಳಿಸಿದರೆ, "ಹಾರ್ಡ್ ಡಿಸ್ಕ್ ಹೋಗ್ತಾ ಇದೆ. ಇನ್ನು ನಾಲ್ಕೈದು ಸಲ ಆನ್ ಆದ್ರೆ ನಿಮ್ಮ ಪುಣ್ಯ. ಒಂದು ವಾರ ಅಂಗಡೀಲಿ ಬಿಟ್ಟುಹೋಗಿ, ನೋಡೋಣ" ಅಂದ. ಅತ್ತಿಗೆ ಬಿಲ್‌ಕುಲ್ ಒಪ್ಪಲಿಲ್ಲ. ಇರುವುದೊಂದೇ ವಿಡಿಯೊ, ಕಂಡವರ ಕೈಗೆ ಕೊಡುವುದು ಹೇಗೆ?

ಪೆನ್ ಡ್ರೈವಿಗೆ ಹಾಕೋಣ ಅಂದರೆ 'ಫೈಲು ತುಂಬಾ ದೊಡ್ಡದು' ಅಂತ ಬರುತ್ತದೆ. ಖಾಲಿ ಪೆನ್ ಡ್ರೈವು! ಅದರಲ್ಲಿ ಇಂಥ ಮೂರು ಹಿಡಿಸುತ್ತವೆ, ಆದರೂ ಒಂದನ್ನೂ ತೆಗೆದುಕೊಳ್ಳುವುದಿಲ್ಲ. ಸರಿ, ಕನ್ವರ್ಟರ್ ಅನ್ನುವ ಸಾಫ್ಟ್‌ವೇರ್ ಹಾಕಿ ವಿಡಿಯೊ ಚಿಕ್ಕದು ಮಾಡಿದ. ಮೊದಲನೇ ಸಲ ಮಾಡಿದ್ದನ್ನು ಫೋನು 'ಈ ಫೈಲು ಓಡುವುದಿಲ್ಲ' ಅಂದಿತು. ಎರಡನೇ ಸಲ ಓಡಿತು, ಆದರೆ ಪುಟ್ಟಿ ಒತ್ತಿದ ಚಪಾತಿ ಹಿಟ್ಟಿನ ಹಾಗೆ ಅಡ್ಡಡ್ಡ ಅಗಲ. ಮೂರನೇ ಸಲ ಚಿತ್ರ ಅಚ್ಚುಕಟ್ಟಾಗಿ ಬಂತು. ಬಣ್ಣ ಸರಿ, ಅಳತೆ ಸರಿ. ಧ್ವನಿ ಇಲ್ಲ.

ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು. ಮಗು ನಗುತ್ತದೆ, ಏಳುತ್ತದೆ, ಯಾರನ್ನೋ ನೋಡಿ ಕೈ ಚಾಚಿ ನಡೆದು ಬರುತ್ತದೆ... ಕರೆಯುವವನೇ ಇಲ್ಲ. ಟೇಲರಣ್ಣ ವಾಲ್ಯೂಮ್ ಏರಿಸಿದ, ಇಳಿಸಿದ. ಫೋನಿನ ಸ್ಪೀಕರಿನ ತೂತುಗಳನ್ನು ಸೂಜಿಯಿಂದ ಒಂದೊಂದಾಗಿ ಕೆದಕಿದ. ಫೋನಿಗೆ ಬೈದ, ಕನ್ವರ್ಟರ್ ಮಾಡಿದವನ ವಂಶಕ್ಕೆ ಬೈದ.

ಒಂದು ಗುಟ್ಟು ಹೇಳುತ್ತೇನೆ. ಆ ಕನ್ವರ್ಟರಿನಲ್ಲಿ ಚಿತ್ರಕ್ಕೊಂದು ಸಾಲು, ಧ್ವನಿಗೊಂದು ಸಾಲು. ಧ್ವನಿಯ ಸಾಲಿನಲ್ಲಿ 'ಇದ್ದ ಹಾಗೇ ಇರಲಿ' ಅಂತ ಒಂದು, 'ಬದಲಾಯಿಸು' ಅಂತ ಇನ್ನೊಂದು. ಇವನು ಪ್ರತಿ ಸಲವೂ 'ಇದ್ದ ಹಾಗೇ ಇರಲಿ' ಒತ್ತುತ್ತಿದ್ದ. ಯಾರಾದರೂ ಅಪರೂಪದ ಬಟ್ಟೆ ತಂದುಕೊಟ್ಟರೆ ಕತ್ತರಿ ಹಾಕಲು ಕೈ ನಡುಗುವ ಜಾತಿ ಅವನದು. ಅಣ್ಣನ ಧ್ವನಿಗೆ ಒಂದು ಎಳೆಯೂ ಕೆಡಬಾರದು ಅಂತ ಅವನ ಹಟ. ಹಳೇ ಕ್ಯಾಮೆರಾದ ಧ್ವನಿ ಇದ್ದ ಹಾಗೇ ಇದ್ದರೆ ಫೋನಿಗೆ ಅರ್ಥವಾಗುವುದಿಲ್ಲ ಅನ್ನುವುದು ರಿಪೇರಿಯವನನ್ನು ಕೇಳಿದ್ದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಕೇಳಿದರೆ ಮರ್ಯಾದೆ ಹೋಗುತ್ತದಲ್ಲ!

ಅವತ್ತು ಸಂಜೆ ನಾಲ್ಕನೇ ಸಲ. ಎಂಬತ್ಮೂರು ಪರ್ಸೆಂಟಿಗೆ ಬಂದಾಗ ಅತ್ತಿಗೆಯ ಮನೆಯ ದೀಪ ಒಮ್ಮೆ ಮಂಕಾಯಿತು... ಕಂಪ್ಯೂಟರ್ ಆರಿತು. ಇವನು ಕೈ ಕೈ ಹಿಸುಕಿಕೊಂಡ.

"ಸಾಕು ಬಿಡೋ. ಎಂಟು ದಿನ ಆಯ್ತು. ನಿನ್ನ ಹೊಲಿಗೆ ಕೆಲ್ಸಾನೂ ಹಾಳು" ಅಂದರು ಅತ್ತಿಗೆ. ಅಂದವರು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು.

"ನಮ್ಮಂಗಡೀಲಿ ಬ್ಯಾಟರಿ ಇದೆ ಅತ್ತಿಗೆ, ಕರೆಂಟ್ ಕೈ ಕೊಡಲ್ಲ. ಇನ್ನೊಂದೇ ಸಲ" ಅಂದು ಡಬ್ಬಿ ಹೊತ್ತುಕೊಂಡು ಹೊರಟ. ಹಾಗೆ ಬಂದವನು ಬಾವಿ ದಾಟಿ ನಾಲ್ಕು ಹೆಜ್ಜೆಗೆ ನಿಂತದ್ದು.

ನಿಂತ. ಹಿಂದೆ ನೋಡಲಿಲ್ಲ. ಡಬ್ಬಿ ಎಸೆದು ಓಡೋಣ ಅಂದರೆ... ಅದನ್ನೇ ತಾನೇ ಬೀಳಿಸಬೇಡ ಅಂದದ್ದು. ಕಾಲು ಎಳೆಯುತ್ತಾ ಹೇಗೋ ಅಂಗಡಿ ಸೇರಿದ.

ಶಟರ್ ಅರ್ಧ ಎಳೆದ. ಗಿರಾಕಿಗಳಿಗೆ ಅಂತ ಗೋಡೆಗೆ ಹಾಕಿದ್ದ ಟಿವಿಗೆ ಡಬ್ಬಿಯ ವೈರು ಸಿಕ್ಕಿಸಿದ. ಮೂರು ಸಲ ತಪ್ಪಿತು. ಆನ್ ಮಾಡಿದ. ಫ್ಯಾನು ಗುಂಯ್... ಅಂತ ತಿರುಗಿತು. ಒಳಗೆ ಟಕ್... ಟಕ್... ಇನ್ನೊಂದು ಸಲ ಆನ್ ಆಗುತ್ತೋ ಇಲ್ಲವೋ, ಇದೇ ಕೊನೆಯದು ಅಂತ ಅವನಿಗೆ ಗೊತ್ತಾಗಿಹೋಗಿತ್ತು. ಕನ್ವರ್ಟರ್ ತೆರೆದ. ಚಿತ್ರದ ಸಾಲು ಸರಿಮಾಡಿದ. ಧ್ವನಿಯ ಸಾಲಿಗೆ ಬಂದು, ಎಂದಿನಂತೆ 'ಇದ್ದ ಹಾಗೇ ಇರಲಿ' ಒತ್ತಿ, ಶುರು ಮಾಡುವ ಗುಂಡಿಯ ಮೇಲೆ ಮೌಸ್ ತಂದ.

"ಅದನ್ನ ಬದಲಾಯ್ಸು."

ಬೆನ್ನ ಹಿಂದೆ. ಹೊಲಿಗೆ ಯಂತ್ರದ ಹತ್ತಿರ.

ಟೇಲರಣ್ಣನ ಕೈ ಮೌಸ್ ಮೇಲೆ ಹಾಗೇ ನಿಂತಿತು. ಆದರೂ ಉತ್ತರ ಕೊಟ್ಟ. ಅವನು ಹಾಗೇ, ಸತ್ತವರ ಜೊತೆಗೂ ಜಗಳ ಬಿಡುವವನಲ್ಲ.

"ಯಾವ್ದನ್ನ?"

"ಧ್ವನೀನ."

"ಕೆಟ್ಟುಹೋಗುತ್ತೆ ಕಣೋ... ನಿಂದು ಅಂತ ಇರೋದು ಇದೊಂದೇ."

ಡಬ್ಬಿಯೊಳಗೆ ಟಕ್... ಟಕ್...

"ಕೆಡ್ಲಿ ಬಿಡು... ಪುಟ್ಟಿಗೆ ಕೇಳಿಸ್ಬೇಕಲ್ಲ."

ಟೇಲರಣ್ಣ ಅತ್ತ. ಅಣ್ಣ ಸತ್ತ ದಿನ ಗಂಡಸು ಅಂತ ತಡೆದುಕೊಂಡಿದ್ದೆಲ್ಲ ಆವತ್ತು ಬಂತು ಅಂದ. ತಿರುಗಿ ಯಾಕೆ ನೋಡಲಿಲ್ಲ ಅಂತ ನಾನು ಕೇಳಿದೆ. "ತಿರುಗಿದ್ರೆ ಇರಲ್ಲ ಅನ್ನಿಸ್ತು" ಅಂದ. ಅಷ್ಟೇ.

ಕಣ್ಣು ಒರೆಸಿಕೊಂಡು 'ಬದಲಾಯಿಸು' ಒತ್ತಿ ಶುರು ಮಾಡಿದ. ಹತ್ತು... ನಲವತ್ತು... ಅರವತ್ತು... ಎಂಬತ್ಮೂರು. ನಿಂತಿತು. ಐದು ನಿಮಿಷ ಅಲ್ಲೇ. ಹತ್ತು ನಿಮಿಷ ಅಲ್ಲೇ. ಇವನಿಗೆ ಹೆದರಿಕೆಯೆಲ್ಲ ಹೋಗಿ ಪಿತ್ತ ನೆತ್ತಿಗೇರಿತು.

"ನೀನೇ ತಾನೇ ಬದಲಾಯ್ಸು ಅಂದಿದ್ದು? ಈಗ ನೀನೇ ಮುಗ್ಸು! ಇದ್ದಾಗ್ಲೂ ನನ್ನ ಕೆಲ್ಸ ಕೆಡಿಸ್ದೆ, ಹೋದ್ಮೇಲೂ ಅದೇನಾ?"

ಹೊಲಿಗೆ ಯಂತ್ರದ ಗಾಲಿ, ಯಾರೂ ತುಳಿಯದೆ, ಕಿರ್ರ್... ಅಂತ ಅರ್ಧ ಸುತ್ತು ತಿರುಗಿ ನಿಂತಿತು. ಪರದೆಯಲ್ಲಿ ಎಂಬತ್ನಾಲ್ಕು.

ಮುಗಿಯುವಾಗ ಎರಡೂಕಾಲು. ಟಿಣ್ ಅಂದಿತು. ಕೇಬಲ್ ಹಾಕಿ ತನ್ನ ಫೋನಿಗೆ ಇಳಿಸಿಕೊಂಡ. ಇಳಿದು ಒಂದು ನಿಮಿಷವೂ ಆಗಿಲ್ಲ, ಡಬ್ಬಿಯೊಳಗೆ ಕರ್ರ್ರ್... ಟಕ್. ಟಿವಿ ಕಪ್ಪಾಯಿತು. ಆ ಡಬ್ಬಿ ಆಮೇಲೆ ಎಂದೂ ಏಳಲಿಲ್ಲ. ಫೋನಿನಲ್ಲಿ ಇದ್ದದ್ದನ್ನು ಹಾಕಿ ನೋಡಲು ಅವನಿಗೆ ಧೈರ್ಯ ಬರಲಿಲ್ಲ. ಈ ಸಲವೂ ಧ್ವನಿ ಇಲ್ಲದಿದ್ದರೆ? ಇದ್ದರೆ ಒಬ್ಬನೇ ಕೇಳುವುದು ಹೇಗೆ? ಬೆಳಗಾಗುವವರೆಗೆ ಫೋನನ್ನು ಎದೆಗೆ ಒತ್ತಿಕೊಂಡು ಕೂತಿದ್ದ.

ಬೆಳಿಗ್ಗೆ ಏಳಕ್ಕೆ ಅತ್ತಿಗೆಯ ಮನೆ. ನೀರಿನ ಚೆಂಬಿಗೆ ಫೋನು ಒರಗಿಸಿ ಮೂವರೂ ನೆಲದ ಮೇಲೆ ಕೂತರು. ಇವನು ಒತ್ತಿದ.

"ಬಾ ಪುಟ್ಟಿ... ಬಾ... ಇನ್ನೊಂದು ಹೆಜ್ಜೆ..."

ಸ್ವಲ್ಪ ಕೆಟ್ಟಿತ್ತು ಧ್ವನಿ, ಡಬ್ಬದೊಳಗಿಂದ ಮಾತಾಡಿದ ಹಾಗೆ. ಅತ್ತಿಗೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು.

"ಇದೇ... ಇದೇ ಕಣೋ. ಹೀಗೇ ಮಾತಾಡ್ತಿದ್ರು."

ಇಪ್ಪತ್ತೊಂದು ನಿಮಿಷ ಯಾರೂ ಕದಲಲಿಲ್ಲ. ಪುಟ್ಟಿಯಂತೂ ರೆಪ್ಪೆ ಬಡಿಯಲಿಲ್ಲ. ಕೊನೆಯಲ್ಲಿ ಮಗು ಕ್ಯಾಮೆರಾ ಹತ್ತಿರಕ್ಕೇ ಬಂದುಬಿಡುತ್ತದೆ, ಅಣ್ಣ "ಶಭಾಷ್" ಅಂದು ಕ್ಯಾಮೆರಾ ಕೆಳಗಿಡುತ್ತಾನೆ, ಚಿತ್ರ ಕಪ್ಪಾಗುತ್ತದೆ. ಅಲ್ಲಿಗೆ ಮುಗಿಯಬೇಕು. ವಿಡಿಯೊ ತೆಗೆದ ದಿನ ಲೈಟು ಹಿಡಿದು ಪಕ್ಕದಲ್ಲೇ ನಿಂತಿದ್ದವನು ಟೇಲರಣ್ಣ, 'ಶಭಾಷ್' ಆದಮೇಲೆ ಒಂದು ಮಾತೂ ಇರಲಿಲ್ಲ ಅಂತ ಯಾರ ಮೇಲೆ ಬೇಕಾದರೂ ಆಣೆ ಮಾಡುತ್ತಾನೆ.

ಚಿತ್ರ ಕಪ್ಪಾಯಿತು. ಧ್ವನಿ ನಿಲ್ಲಲಿಲ್ಲ. ಉಸಿರೆಳೆದುಕೊಂಡ ಸದ್ದು... ಆಮೇಲೆ, ಮೆತ್ತಗೆ, ಪಕ್ಕದಲ್ಲಿ ಕೂತು ಹೇಳಿದ ಹಾಗೆ,

"ಕನ್ನಡಕ ನಿಂಗೆ ಒಪ್ಪುತ್ತೆ ಕಣೇ, ಪುಟ್ಟಿ."

ಟಪ್. ಮುಗಿಯಿತು.

ಪುಟ್ಟಿ ಕೈ ಎತ್ತಿ ಕನ್ನಡಕ ಮುಟ್ಟಿಕೊಂಡಳು. ಅವಳಿಗೆ ಅದು ಬಂದದ್ದು ಹೋದ ವರ್ಷ, ಕ್ಲಾಸಿನ ಬೋರ್ಡು ಮಸುಕು ಅಂದಾಗ. ಹಾಕಿಕೊಂಡರೆ ಚೆನ್ನಾಗಿ ಕಾಣಲ್ಲ ಅಂತ ಆರು ತಿಂಗಳು ಅತ್ತಿದ್ದಳು.

ನಂಬದಿದ್ದರೆ ಬಿಡಿ, ನನಗೇನೂ ನಷ್ಟವಿಲ್ಲ. ಆ ವಿಡಿಯೊ ಈಗಲೂ ಅತ್ತಿಗೆಯ ಫೋನಿನಲ್ಲಿದೆ, ನಾನೂ ಒಂದು ಸಲ ಕೇಳಿದ್ದೇನೆ. ಅದರಲ್ಲಿ ನಡೆದು ಬರುವ ಮಗುವಿಗೆ ಹದಿಮೂರು ತಿಂಗಳು... ಕಣ್ಣಿಗೆ ಕನ್ನಡಕವಿಲ್ಲ.