ಉಳಿದುಹೋದ ಒಂದು ವಯರು

೧೯೬೩ರ ಒಂದು ಬೆಳಿಗ್ಗೆ ಮೂಡಬಿದಿರೆಯಲ್ಲಿ ಮಂಗಳೂರು ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಮೆಕ್ಯಾನಿಕ್ ಚಿನ್ನಯ್ಯ ನಿಂತಿದ್ದ. ಬಾಡಿಗೆ ಕಾರಿನ ಯಾಕೂಬ್ ಬ್ಯಾರಿ ಅವನನ್ನು ಹುಡುಕಿಕೊಂಡು ಬಂದರು. ಅವರ ಕಾರಿನ ಪೆಟ್ರೋಲ್ ಎಂಜಿನ್ ತೆಗೆದು ಹಿಂದಿನ ದಿನವಷ್ಟೇ ಡೀಸೆಲ್ ಎಂಜಿನ್ ಕೂರಿಸಿದ್ದು ಚಿನ್ನಯ್ಯನೇ.

“ಚಿನ್ನಯ್ಯಣ್ಣ, ಬಾನೆಟ್ಟಿನ ಒಳಗೆ ಒಂದು ವಯರು ನೇತಾಡ್ತಾ ಉಂಟಲ್ಲ?”

“ಅದು ಹಳೇ ಎಂಜಿನ್ನಿಗೆ ಕಿಡಿ ಕೊಡ್ಲಿಕ್ಕೆ ಇದ್ದದ್ದು ಬ್ಯಾರಿಗಳೇ. ಡೀಸೆಲಿಗೆ ಕಿಡಿ ಬೇಡ.”

“ಬೇಡದ್ದನ್ನು ಯಾಕೆ ಬಿಟ್ಟದ್ದು?”

“ಇದ್ದರೆ ತೊಂದರೆ ಇಲ್ಲ.”

“ಅದಕ್ಕೆ ಕರೆಂಟು ಬರ್ತದಾ?”

“ಚಾವಿ ತಿರುಗಿಸಿದರೆ ಬರಬಹುದು.”

“ಬರಬಹುದಾ? ಹೆಂಡತಿ ಸೈನಬನನ್ನು ಕಾರಲ್ಲಿ ಕೂರಿಸಿ ಬಂದಿದ್ದೇನೆ, ಹೆರಿಗೆಗೆ ಮಂಗಳೂರಿಗೆ ಕರ್ಕೊಂಡು ಹೋಗ್ಲಿಕ್ಕೆ, ಮಾರಾಯ!”

“ಏನೂ ಆಗುದಿಲ್ಲ. ಧೈರ್ಯದಲ್ಲಿ ಹೋಗಿ.”

ಯಾಕೂಬ್ ಬ್ಯಾರಿ ಅವನನ್ನೇ ನೋಡಿದರು.

“ನೀನು ಎಲ್ಲಿಗೆ ಹೊರಟದ್ದು?”

“ಮಂಗಳೂರಿಗೆ.”

“ಹಾಗಾದ್ರೆ ಬಸ್ಸು ಯಾಕೆ? ಎದುರಿನ ಸೀಟು ಖಾಲಿ ಉಂಟು. ಬಾ.”

ಬಸ್ಸು ಬಂತು. ಚಿನ್ನಯ್ಯ ಹತ್ತಲಿಲ್ಲ. ನಾನು ಹತ್ತಿ ಕಿಟಕಿಯ ಬದಿಯಲ್ಲಿ ಕೂತೆ.

“ಸೈನಬಕ್ಕ ಕಾರಿಂದ ಇಳಿಯಲಿ ಬ್ಯಾರಿಗಳೇ,” ಎಂದ ಚಿನ್ನಯ್ಯ. “ಆ ವಯರಿನ ಬುಡ ಎಲ್ಲಿ ಅಂತ ಹುಡುಕುವ. ನಿನ್ನೆ ನನಗೆ ಸಿಗ್ಲಿಲ್ಲ.”

ಇಬ್ಬರೂ ಕಾರಿನ ಕಡೆಗೆ ಓಡಿದರು.