ಸರಪಳಿಯಲ್ಲಿ ಒಂದು ಡಬ್ಬಿ

...ನಗ್ತೀರಲ್ಲ ಜಯದೇವಿ ಅಕ್ಕ! ನಾನೇನು ತಮಾಷೆ ಮಾಡ್ತಾ ಇದೀನಾ? ಸೂಪರ್‌ವೈಸರ್ ನೀವು, ನೀವೇ ಹೇಳಿ. ನಾನು, ಈ ಶಿಲ್ಪಾ, ಎರಡು ವರ್ಷದಿಂದ ಇಲ್ಲಿ ಚಟ್ನಿಪುಡಿ ಡಬ್ಬಿ ತುಂಬ್ತಾ ಇದೀನಿ, ಒಂದು ದಿನ, ಒಂದೇ ಒಂದು ದಿನ ತಪ್ಪು ಮಾಡಿದೀನಾ? ಡಬ್ಬಿಲಿ ಬೇರೆ ಏನೋ ಇದೆ ಅಂತ ಯಾರೋ ಗಿರಾಕಿ ದೂರು ಬರೆದಿದಾನೆ ಅಂದ್ರೆ ಅದು ಲಕ್ಷ್ಮಿ ಮೇಜಿಂದಾನೇ! ಕೈ ಡಬ್ಬಿ ಮೇಲೆ, ಕಣ್ಣು ಫೋನ್ ಮೇಲೆ... ನೀವೇ ನೋಡಿಲ್ವಾ?

ಕೂರ್ಸಿ ಅವಳನ್ನ ಮೆಣಸಿನಕಾಯಿ ತೊಟ್ಟು ಬಿಡಿಸೋಕೆ, ಒಂದು ತಿಂಗಳು. ಕೈ ಉರಿಯುತ್ತಾ? ಉರೀಲಿ! ನನ್ನ ಥರ ಮನೆಗೆ ಹೋಗಿ ಎಂಟು ತಿಂಗಳ ಮಗು ಮುಖ ಒರೆಸ್ಬೇಕಾ ಅವಳು? ಆ ಖಾರದ ಕೈಲಿ ನಾನೇನಾದ್ರೂ... ಅಲ್ಲ, ನನ್ನ ಮಾತು ಯಾಕೀಗ, ಬಿಡಿ.

ಏನು? ಬ್ಲಾಕ್‌ಚೈನಲ್ಲಿ ನೋಡ್ತೀರಾ, ನಿಮ್ಮ ಫೋನಲ್ಲಿ? ನೋಡಿ! ನನಗೂ ಗೊತ್ತು, ಹತ್ತನೇ ಕ್ಲಾಸ್ ಪಾಸು ನಾನು. ಡಬ್ಬಿ ಮುಚ್ಚಿ ಸ್ಟಿಕ್ಕರ್ ಸ್ಕ್ಯಾನ್ ಮಾಡಿದ್ರೆ ಯಾರು, ಯಾವತ್ತು, ಎಷ್ಟೊತ್ತಿಗೆ ಅಂತ ಒಂದು ದಾಖಲೆ. ಅದರ ಬಾಲ ಹಿಡ್ಕೊಂಡು ಇನ್ನೊಂದು. ನಮ್ಮ ಹತ್ರ ಒಂದು ಪ್ರತಿ, ಲಾರಿಯವರ ಹತ್ರ ಒಂದು, ಅಂಗಡಿಯವರ ಹತ್ರ ಒಂದು. ಅಳಿಸೋಕಾಗಲ್ಲ, ತಿದ್ದೋಕಾಗಲ್ಲ... ಹುಡುಕೋಕೂ ಆಗಲ್ಲ! ಆ ಡಬ್ಬಿ ಸ್ಟಿಕ್ಕರಲ್ಲಿ ನಂಬರೇ ಹರಿದುಹೋಗಿದೆಯಲ್ಲ? ಕೊನೆಯಿಂದ ಒಂದೊಂದೇ ಬಿಚ್ಚಿ ನೋಡ್ಬೇಕು. ಒಂದು ಲಕ್ಷ ದಾಖಲೆ ಅಕ್ಕ! ಅದನ್ನ ಮಾಡಿದ ಕಶ್ಯಪ್ ಸಾರೇ ಹೇಳಿದ್ರು...

ನಿನ್ನೆ ಏನು ಹಾಕಿದ್ರಂತೆ? ಇಂಡೆಕ್ಸಾ? ಪುಸ್ತಕದ ಹಿಂದೆ ಇರುತ್ತಲ್ಲ, ಯಾವ ವಿಷಯ ಯಾವ ಪುಟ ಅಂತ... ಆ ಥರಾನಾ? ಅಂಗಡಿ ಹೆಸರು, ತಾರೀಕು ಹಾಕಿದ್ರೆ... ಯಾರ ಮೇಜು ಅಂತಾನೂ ಬಂದ್ಬಿಡುತ್ತಾ? ಓ. ಎಷ್ಟೊತ್ತು ಬೇಕು? ಒಂದು ಸೆಕೆಂಡಾ! ಒಳ್ಳೇದಾಯ್ತು. ತುಂಬಾ ಒಳ್ಳೇದಾಯ್ತು. ಬೆವರಾ? ಸೆಕೆ ಅಕ್ಕ, ಈ ನಾಯಂಡಹಳ್ಳಿ ಶೀಟಿನ ಗೋಡೌನಲ್ಲಿ ಬೆವರದೆ ಇನ್ನೇನು...

ಇರಿ, ಒತ್ತಬೇಡಿ! ಅಂದ್ರೆ, ಒತ್ತಿ... ಮೊದಲು ಆ ಗಿರಾಕಿ ಏನು ಬರೆದಿದಾನೆ ಓದಿ. ಏನು? ಮಣ್ಣಾ? ಚಟ್ನಿಪುಡಿ ಬದಲು ಮಣ್ಣು ತುಂಬಿದಾರೆ ಅಂತಾನಾ? ಯಾವನವನು! ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಪಂಚೆ ಬಟ್ಟೇಲಿ ಶೋಧಿಸಿರೋ ರಾಗಿ ಅದು! ಏಲಕ್ಕಿ ಹಾಕಿ, ಬಾದಾಮಿ ಹಾಕಿ... ಆ ರಾಗಿ ಸರಿ ತಿಂದು ನನ್ನ ಮಗ ಬಟ್ಟಲು ನೆಕ್ತಾನೆ, ಇವನಿಗೆ ಮಣ್ಣಾ!

...ಏನು? ರಾಗಿ ಅಂತ ನನಗೆ ಹೇಗೆ ಗೊತ್ತಾಯ್ತು ಅಂತೀರಾ?

ಅಲ್ಲ... ರಾಗಿ ಇದ್ರೂ ಇರಬಹುದು ಅಂದೆ. ಹಗಲೊತ್ತು ಮಗು ನೋಡ್ಕೊಳ್ಳೋ ಅಮ್ಮನಿಗೆ ಕೊಡೋಣ ಅಂತ ಯಾರೋ ನಮ್ಮ ಖಾಲಿ ಡಬ್ಬಿಲೇ ತಂದು ಮೇಜಿನ ಮೇಲೆ ಇಟ್ಟಿರ್ತಾರೆ, ಬೇರೆ ಡಬ್ಬಿ ಜೊತೆ ಅದಕ್ಕೂ ಸ್ಟಿಕ್ಕರ್ ಬಿದ್ದಿರುತ್ತೆ... ಯಾರೋ...

ಫೋನ್ ಯಾಕೆ ಒಳಗಿಟ್ರಿ? ಹುಡುಕಲ್ವಾ?

ಆ ಮೆಣಸಿನಕಾಯಿ ಮೂಟೆ ಯಾಕೆ ಈ ಕಡೆ ಎಳೀತಿದೀರಾ?

ಅಕ್ಕ... ಕೈಗೆ ಗ್ಲೌಸಾದ್ರೂ ಕೊಡ್ತೀರಾ?